ಹಳೆಯ ಪ್ರೊಸೆಸರ್‌ಗೆ ಹೊಸ ಪ್ಯಾಕೇಜ್

1984ರಲ್ಲಿ ಆಪಲ್ ಕಂಪನಿ ಮೊದಲ ಮ್ಯಾಕಿಂಟಾಷನ್ನು ಮಾರುಕಟ್ಟೆಗೆ ತಂದಾಗ ಅದರ ಹೊಟ್ಟೆಯಲ್ಲಿದ್ದದ್ದು ಮೊಟೊರೋಲಾದ 68000 ಎಂಬ ಪ್ರೊಸೆಸರ್. ಮರುವರ್ಷ ಬಂದ ಕಮೊಡೋರ್ ಅಮಿಗಾ, ಅಟಾರಿ ಎಸ್‌ಟಿ ಎರಡರಲ್ಲೂ ಅದೇ. ಈ ಮನೆತನದ ಕೊನೆಯ ದೊಡ್ಡ ಕುಡಿ 68060 ಬಂದದ್ದು 1994ರಲ್ಲಿ. ಆಮೇಲೆ ಡೆಸ್ಕ್‌ಟಾಪ್ ಲೋಕ ಇದನ್ನು ಮರೆಯಿತು. ಆಪಲ್ ಪವರ್‌ಪಿಸಿಗೆ ಹೋಯಿತು, ಅಲ್ಲಿಂದ ಇಂಟೆಲ್‌ಗೆ, ಅಲ್ಲಿಂದ ತನ್ನದೇ ಆರ್ಮ್ ಚಿಪ್‌ಗೆ. ಆದರೂ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಯೋಜನೆಯ ಬಿಲ್ಡ್ ಪಟ್ಟಿ ತೆರೆದರೆ, ಮೊನ್ನೆ ಮೊನ್ನೆ ಬಿಡುಗಡೆಯಾದ ಸಾಫ್ಟ್‌ವೇರ್ ಈ ಮನೆತನಕ್ಕೂ ತಯಾರಾಗುತ್ತಿರುವುದು ಕಾಣುತ್ತದೆ. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುವ ಜನರನ್ನು ಒಂದು ಊಟದ ಪಂಕ್ತಿಯಲ್ಲಿ ಕೂರಿಸಬಹುದು.

ಹಾರ್ಡ್‌ವೇರ್ ಕೆಟ್ಟುಹೋಗಿ ಒಂದು ಆರ್ಕಿಟೆಕ್ಚರ್ ಸತ್ತದ್ದು ಅಪರೂಪ. ಅಟ್ಟದ ಮೇಲಿನ ಹಳೆ ಕಂಪ್ಯೂಟರುಗಳು ಎಷ್ಟೋ ವರ್ಷ ಬದುಕಿರುತ್ತವೆ. ಮೂಲ ಕೋಡಿನಿಂದ ಸಾಫ್ಟ್‌ವೇರ್ ಕಟ್ಟುವ ಬಿಲ್ಡ್ ಸೋತ ದಿನ ಅದರ ಲಾಗ್ ಎಂಬ ದಾಖಲೆ ತೆರೆದು ಓದುವವರು ಯಾರೂ ಇಲ್ಲದಾಗ ಅದು ಸಾಯುತ್ತದೆ.

ಆರ್ಕಿಟೆಕ್ಚರ್, ಪ್ಯಾಕೇಜ್, ಪೋರ್ಟ್

ಪ್ರೊಸೆಸರ್‌ಗೆ ತನ್ನದೇ ಆದ ಆದೇಶಗಳ ಭಾಷೆಯೊಂದಿರುತ್ತದೆ. ಕೂಡು, ಕಳೆ, ಇಲ್ಲಿಂದ ಅಲ್ಲಿಗೆ ಹಾರು ಎಂಬ ಮಾತುಗಳನ್ನು ಅದು ತನ್ನದೇ ಅಂಕಿಗಳಲ್ಲಿ ಓದುತ್ತದೆ. ಒಂದೇ ಭಾಷೆ ಆಡುವ ಚಿಪ್‌ಗಳ ಗುಂಪಿಗೆ ಆರ್ಕಿಟೆಕ್ಚರ್ ಎನ್ನುತ್ತಾರೆ. ಸಿ ಭಾಷೆಯಲ್ಲಿ ಬರೆದ ಒಂದೇ ಮೂಲ ಕೋಡನ್ನು ಪ್ರತಿ ಆರ್ಕಿಟೆಕ್ಚರ್‌ಗೂ ಬೇರೆ ಬೇರೆಯಾಗಿ ಕಂಪೈಲ್ ಮಾಡಬೇಕು, ಅಂದರೆ ಅದರ ಭಾಷೆಗೆ ಅನುವಾದಿಸಬೇಕು. ಹಾಗೆ ಕಂಪೈಲ್ ಆದ ಫೈಲುಗಳು, ಅವನ್ನು ಎಲ್ಲಿ ಇಡಬೇಕೆಂಬ ವಿವರ, ಬೇರೆ ಯಾವ ಸಾಫ್ಟ್‌ವೇರ್ ಜತೆಗಿರಬೇಕೆಂಬ ಪಟ್ಟಿ, ಇಷ್ಟನ್ನೂ ಸೇರಿಸಿ ಕಟ್ಟಿದ ಗಂಟೇ ಪ್ಯಾಕೇಜ್. ಒಂದು ಆಪರೇಟಿಂಗ್ ಸಿಸ್ಟಮ್ಮಿನ ಇಡೀ ಪ್ಯಾಕೇಜ್ ಭಂಡಾರವನ್ನು ಇನ್ನೊಂದು ಆರ್ಕಿಟೆಕ್ಚರ್‌ಗೆ ಒಗ್ಗಿಸಿ ನಡೆಸಿಕೊಂಡು ಹೋಗುವುದಕ್ಕೆ ಪೋರ್ಟ್ ಎಂದು ಹೆಸರು; ಆ ಕೆಲಸ ಮಾಡುವವರು ಪೋರ್ಟರ್‌ಗಳು. ರೈಲ್ವೆ ಸ್ಟೇಷನ್ನಿನ ಪೋರ್ಟರ್ ನೆನಪಾದರೆ ತಪ್ಪೇನಿಲ್ಲ. ಬೇರೆಯವರ ಹೊರೆಯನ್ನು ಹೊರುವುದು ಇಬ್ಬರಿಗೂ ಸಮಾನ.

ಹೊರೆ ಎಷ್ಟು? 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಅವೆಲ್ಲ ನಿಂತ ನೀರಲ್ಲ. ದಿನವೂ ಯಾವುದೋ ಒಂದರ ಹೊಸ ಆವೃತ್ತಿ ಬರುತ್ತದೆ, ಯಾವುದೋ ಲೈಬ್ರರಿ ಬದಲಾಗಿ ಅದನ್ನು ನೆಚ್ಚಿದ ಇನ್ನೂರು ಪ್ಯಾಕೇಜ್‌ಗಳನ್ನು ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಒಂದು ಸಲ ಪೋರ್ಟ್ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ಹಟ್ಟಿಯಲ್ಲಿ ಹಸು ಕಟ್ಟಿದ ಹಾಗೆ, ಹಬ್ಬದ ದಿನವೂ ಮೇವು ಹಾಕಲೇಬೇಕು.

ಒಳಗೆ ಬಂದವರು, ಹೊರಗೆ ಹೋದವರು

ಇಯಾನ್ ಮುರ್ಡಾಕ್ 1993ರ ಆಗಸ್ಟ್‌ನಲ್ಲಿ ಡೆಬಿಯನ್ ಶುರು ಮಾಡಿದಾಗ ಅದಿದ್ದದ್ದು ಇಂಟೆಲ್ 386ಕ್ಕೆ ಮಾತ್ರ. ಎರಡನೆಯ ಆರ್ಕಿಟೆಕ್ಚರ್ ಸೇರಿದ್ದು 1998ರ ಜುಲೈನಲ್ಲಿ, 2.0 ಆವೃತ್ತಿಯಲ್ಲಿ. ಆ ಎರಡನೆಯದೇ 68000 ಮನೆತನ. ಡೆಬಿಯನ್ ಭಾಷೆಯಲ್ಲಿ ಅದರ ಹೆಸರು ಎಂ68ಕೆ. ಮುಂದಿನ ವರ್ಷ ಆಲ್ಫಾ ಮತ್ತು ಸ್ಪಾರ್ಕ್, 2000ದಲ್ಲಿ ಪವರ್‌ಪಿಸಿ ಮತ್ತು ಆರ್ಮ್, 2002ರಲ್ಲಿ ಒಂದೇ ಏಟಿಗೆ ಐದು ಸೇರಿ ಒಟ್ಟು ಹನ್ನೊಂದಾಯಿತು. "ಎಲ್ಲ ಯಂತ್ರಗಳಿಗೂ ಒಂದೇ ಸಿಸ್ಟಮ್" ಎಂಬ ಹೆಮ್ಮೆಯ ಕಾಲ ಅದು.

ಹೆಮ್ಮೆಯ ಬಿಲ್ ಬಂದದ್ದು 2005ರಲ್ಲಿ. ಹನ್ನೊಂದು ಆರ್ಕಿಟೆಕ್ಚರ್‌ಗಳಲ್ಲಿ ಒಂದು ಹಿಂದುಳಿದರೂ ಹೊಸ ಆವೃತ್ತಿ ಹೊರಡಿಸುವ ಕೆಲಸ ನಿಲ್ಲುತ್ತಿತ್ತು. 2002ರ ಜುಲೈ ಬಿಡುಗಡೆಯ ನಂತರ ಮುಂದಿನದಕ್ಕೆ 2005ರ ಜೂನ್‌ವರೆಗೆ ಕಾಯಬೇಕಾಯಿತು. ತಡವಾದದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ನಿಧಾನದ ಯಂತ್ರಗಳ ಮೇಲೆ ಬೆರಳು ತೋರಿಸುವುದು ಸುಲಭವಾಗಿತ್ತು. 2005ರ ಮಾರ್ಚ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಬಿಡುಗಡೆ ತಂಡ ಒಂದು ಅಳತೆಗೋಲು ಮುಂದಿಟ್ಟಿತು. ಪಟ್ಟಿಯಲ್ಲಿ ಉಳಿಯಬೇಕಾದ ಯಂತ್ರ ಅಂಗಡಿಯಲ್ಲಿ ಹೊಸದಾಗಿ ಸಿಗಬೇಕು, ಭಂಡಾರದ ಶೇಕಡಾ 98ರಷ್ಟು ಅದರಲ್ಲಿ ಕಂಪೈಲ್ ಆಗಿರಬೇಕು, ಹೊಸ ಪ್ಯಾಕೇಜ್‌ಗಳ ವೇಗಕ್ಕೆ ಎರಡೇ ಬಿಲ್ಡ್ ಯಂತ್ರಗಳಲ್ಲಿ ಹೆಜ್ಜೆ ಹಾಕುವಂತಿರಬೇಕು. ದೊಡ್ಡ ಜಗಳವೇ ಆಯಿತು. ಆ ಪ್ರಸ್ತಾಪ ಹೇಳಿದ್ದು ಹೇಳಿದಂತೆ ಜಾರಿಗೆ ಬರದಿದ್ದರೂ ಅಳತೆಗೋಲು ಉಳಿಯಿತು. 2007ರ ಬಿಡುಗಡೆಯಲ್ಲಿ ಎಂ68ಕೆ ಇರಲಿಲ್ಲ. 2011ರಲ್ಲಿ ಆಲ್ಫಾ, ಎಚ್‌ಪಿ ಪಿಎ-ರಿಸ್ಕ್, ಹಳೆಯ ಆರ್ಮ್, 2015ರಲ್ಲಿ ಸ್ಪಾರ್ಕ್, ಇಟೇನಿಯಂ, 2017ರಲ್ಲಿ ಪವರ್‌ಪಿಸಿ, 2021ರಲ್ಲಿ ಮಿಪ್ಸ್‌ನ ಒಂದು ಕವಲು, 2025ರಲ್ಲಿ ಉಳಿದ ಎರಡು ಕವಲು. ಹೀಗೆ ಒಂದೊಂದಾಗಿ ಅಧಿಕೃತ ಪಂಕ್ತಿಯಿಂದ ಎದ್ದವು.

ಪಂಕ್ತಿಯಿಂದ ಎದ್ದರೂ ಕೆಲವರಿಗೆ ಹಿತ್ತಿಲಲ್ಲಿ ಎಲೆ ಹಾಕಿದ್ದಾರೆ. ಅದರ ಹೆಸರು ಡೆಬಿಯನ್ ಪೋರ್ಟ್ಸ್. ಅಲ್ಲಿ ಸ್ಥಿರ ಆವೃತ್ತಿ ಎಂಬುದಿಲ್ಲ. ದಿನವೂ ಬದಲಾಗುತ್ತಿರುವ ಅಸ್ಥಿರ ಶಾಖೆ ಒಂದೇ, ಜತೆಗೆ ಮುಖ್ಯ ಭಂಡಾರ ಇನ್ನೂ ಒಪ್ಪಿಕೊಳ್ಳದ ಪ್ಯಾಚ್ ಎಂಬ ತಿದ್ದುಪಡಿಗಳನ್ನು ಇಟ್ಟುಕೊಳ್ಳಲು ಒಂದು ಪುಟ್ಟ ಮೂಲೆ. ಮುಖ್ಯ ಭಂಡಾರದವರು ಯಾವುದೋ ಹಳೆಯ ಲೈಬ್ರರಿ ಕಿತ್ತರೆ ಇಲ್ಲಿಯವರ ಮನೆಯ ತೊಲೆಯೂ ಅದರ ಜತೆ ಹೋಗುತ್ತದೆ. ಹಳೆಯ ಯಂತ್ರ ಇಟ್ಟುಕೊಂಡವನಿಗೆ ಬೇಕಾಗಿರುವುದು ಸ್ಥಿರತೆ, ಸಿಗುವುದು ಅಸ್ಥಿರ ಶಾಖೆ. ಇದಕ್ಕಿಂತ ವಿಚಿತ್ರವಾದ ಪರಿಸ್ಥಿತಿ ಸಾಫ್ಟ್‌ವೇರ್‌ನಲ್ಲಿ ನಾನು ಹೆಚ್ಚು ಕಂಡಿಲ್ಲ.

ಬಿಲ್ಡ್ ಸಾಲು

ಕೆಲಸ ನಡೆಯುವುದು ಹೀಗೆ. ಪ್ಯಾಕೇಜ್ ನೋಡಿಕೊಳ್ಳುವವರು ಹೊಸ ಮೂಲ ಕೋಡನ್ನು ಭಂಡಾರಕ್ಕೆ ಏರಿಸುತ್ತಾರೆ. ಅವರ ಮೇಜಿನ ಮೇಲೆ ಸಾಮಾನ್ಯವಾಗಿ ಇರುವುದು ಒಂದು 64 ಬಿಟ್ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್. ಬೇರೆ ಆರ್ಕಿಟೆಕ್ಚರ್ ಅವರು ಕಣ್ಣಲ್ಲಿ ಕಂಡೇ ಇರುವುದಿಲ್ಲ. ಅಲ್ಲಿಂದ ಮುಂದಿನದು ಬಿಲ್ಡ್‌ಡಿ ಎಂಬ ಯಂತ್ರಗಳ ಕೆಲಸ. ಪ್ರತಿ ಆರ್ಕಿಟೆಕ್ಚರ್‌ಗೂ ಒಂದು ಸಾಲು ಇರುತ್ತದೆ. ಬಿಲ್ಡ್‌ಡಿ ಸಾಲಿನ ತಲೆಯಿಂದ ಒಂದು ಪ್ಯಾಕೇಜ್ ಎತ್ತಿಕೊಂಡು, ಖಾಲಿ ಕೋಣೆಯಂಥ ಪರಿಸರದಲ್ಲಿ ಬೇಕಾದ ಲೈಬ್ರರಿಗಳನ್ನಷ್ಟೇ ಹಾಕಿ, ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಓಡಿಸಿ, ಕೊನೆಗೆ ಲಾಗ್ ಬರೆಯುತ್ತದೆ. ಗೆದ್ದರೆ ಪ್ಯಾಕೇಜ್ ಭಂಡಾರ ಸೇರುತ್ತದೆ. ಸೋತರೆ "ಎಫ್‌ಟಿಬಿಎಫ್‌ಎಸ್" ಎಂಬ ಮುದ್ರೆ ಬೀಳುತ್ತದೆ. ಮೂಲ ಕೋಡಿನಿಂದ ಬಿಲ್ಡ್ ಆಗಲಿಲ್ಲ ಎಂದು ಅರ್ಥ. ಪೋರ್ಟರ್‌ಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ ಇದೇ.

ಸೋಲಿಗಿಂತ ಕಾಡುವುದು ಇನ್ನೊಂದು ಸ್ಥಿತಿ: ಬೇಕಾದ ಲೈಬ್ರರಿಯೇ ಇನ್ನೂ ತಯಾರಾಗಿಲ್ಲ, ಅದು ಕಾಯುತ್ತಿರುವುದು ಮತ್ತೊಂದಕ್ಕೆ, ಆ ಮತ್ತೊಂದು ಕಾಯುತ್ತಿರುವುದು ಮೊದಲನೆಯದಕ್ಕೆ. ಭಾಷೆಗಳ ಕಂಪೈಲರ್‌ಗಳಲ್ಲಿ ಈ ಸುತ್ತು ಮಾಮೂಲಿ. ಹ್ಯಾಸ್ಕೆಲ್ ಕಂಪೈಲರ್ ಬರೆದಿರುವುದು ಹ್ಯಾಸ್ಕೆಲ್‌ನಲ್ಲಿ, ರಸ್ಟ್ ಕಂಪೈಲರ್ ಬರೆದಿರುವುದು ರಸ್ಟ್‌ನಲ್ಲಿ. ಮೊಸರು ಮಾಡಲು ಮೊದಲೇ ಸ್ವಲ್ಪ ಮೊಸರು ಬೇಕು. ಮನೆಯಲ್ಲಿ ಹೆಪ್ಪು ತೀರಿಹೋದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವುದೇ ದಾರಿ. ಇಲ್ಲಿ ಪಕ್ಕದ ಮನೆ ಎಂದರೆ ವೇಗದ ಇಂಟೆಲ್ ಯಂತ್ರ. ಅದರ ಮೇಲೆ ಕೂತು ಬೇರೆ ಆರ್ಕಿಟೆಕ್ಚರ್‌ಗಾಗಿ ಕಂಪೈಲ್ ಮಾಡಿ, ಆ ಹೆಪ್ಪನ್ನು ಹಳೆಯ ಯಂತ್ರಕ್ಕೆ ತಂದು, ಅಲ್ಲಿ ಮತ್ತೆ ಕಂಪೈಲ್ ಮಾಡುತ್ತಾರೆ. ಕ್ರಾಸ್ ಕಂಪೈಲ್ ಎಂದು ಕರೆಯುವುದು ಇದನ್ನೇ.

ನಿಧಾನವೇ ಒಂದು ರೋಗ. ತುಂಬ ಹೊತ್ತು ಏನೂ ಉಸಿರೆತ್ತದ ಬಿಲ್ಡ್ ಸಿಕ್ಕಿಬಿದ್ದು ನಿಂತಿದೆ ಎಂದು ತಿಳಿದು ಬಿಲ್ಡ್‌ಡಿ ಅದನ್ನು ಕೊಲ್ಲುತ್ತದೆ. 50 ಮೆಗಾಹರ್ಟ್ಸ್‌ನ 68060 ಒಂದು ದೊಡ್ಡ ಸಿ++ ಫೈಲಿನ ಮೇಲೆ ಮಗ್ನವಾಗಿ ಕೂತಿದ್ದರೆ ಅದು ಸತ್ತಿಲ್ಲ ಎಂದು ಹೇಳುವವರು ಯಾರು? ಹೊಸ ಪ್ರೋಗ್ರಾಮುಗಳ ಪರೀಕ್ಷೆಗಳಲ್ಲೂ "ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ತಪ್ಪು" ಎಂಬಂಥ ಷರತ್ತುಗಳಿರುತ್ತವೆ. ಕೋಡ್ ಸರಿಯಾಗಿಯೇ ಇದ್ದು, ಗಡಿಯಾರದ ದೆಸೆಯಿಂದ ಫೇಲಾದ ಪ್ಯಾಕೇಜ್‌ಗಳು ಎಷ್ಟೋ.

"ಕ" ಹೋಗಿ ಚೀನೀ ಅಕ್ಷರ ಬಂದಾಗ

ಇನ್ನು ಕೋಡ್ ನಿಜವಾಗಿಯೇ ಒಡೆಯುವ ಜಾಗಗಳು. ಮೊದಲನೆಯದು ಬೈಟುಗಳ ಕ್ರಮ. ಯುನಿಕೋಡ್‌ನಲ್ಲಿ ನಮ್ಮ "ಕ" ಅಕ್ಷರದ ಸಂಖ್ಯೆ 3221. ಎರಡು ಬೈಟುಗಳಲ್ಲಿ ಇಡುವುದಾದರೆ ಅದು 12 ಮತ್ತು 149. ಹನ್ನೆರಡನ್ನು 256ರಿಂದ ಗುಣಿಸಿ 149 ಕೂಡಿಸಿದರೆ 3221 ಸಿಗುತ್ತದೆ. ಈಗ ಪ್ರಶ್ನೆ, ಮೆಮೊರಿಯಲ್ಲಿ ಮೊದಲು 12 ಇಡಬೇಕೋ 149 ಇಡಬೇಕೋ? ಮೊಟೊರೋಲಾ 68000, ಸ್ಪಾರ್ಕ್, ಐಬಿಎಂ ಮೇನ್‌ಫ್ರೇಮ್‌ಗಳು ದೊಡ್ಡ ಸ್ಥಾನದ ಬೈಟನ್ನು, ಇಲ್ಲಿ 12 ಅನ್ನು, ಮೊದಲು ಇಡುತ್ತವೆ, ಅಂದರೆ ಬಿಗ್ ಎಂಡಿಯನ್. ಇಂಟೆಲ್ ಚಿಕ್ಕ ಸ್ಥಾನದ್ದನ್ನು ಮೊದಲು ಇಡುತ್ತದೆ, ಲಿಟಲ್ ಎಂಡಿಯನ್. ತಾರೀಕನ್ನು ನಾವು ದಿನದಿಂದ ಶುರು ಮಾಡಿ ಬರೆದರೆ ಕೆಲವು ದೇಶದವರು ವರ್ಷದಿಂದ ಶುರು ಮಾಡುವ ಹಾಗೆ. ಎರಡೂ ಸರಿ, ಬರೆದವರೂ ಓದುವವರೂ ಒಪ್ಪಿಕೊಂಡಿದ್ದರೆ.

ಒಪ್ಪಿಕೊಳ್ಳದಿದ್ದರೆ? ಅಮಿಗಾದಲ್ಲಿ ಬರೆದ 12, 149 ಅನ್ನು ಇಂಟೆಲ್ ಯಂತ್ರ ತನ್ನ ಅಭ್ಯಾಸದಂತೆ ಓದಿದರೆ 149 ಸಲ 256, ಕೂಡಿಸು 12, ಒಟ್ಟು 38156. ಯುನಿಕೋಡ್‌ನಲ್ಲಿ ಆ ಸಂಖ್ಯೆ ಬೀಳುವುದು ಚೀನೀ ಲಿಪಿಯ ಜಾಗದಲ್ಲಿ. "ಕ" ಎಂದು ಬರೆದದ್ದು ಪೀಕಿಂಗಿನ ಬೋರ್ಡಿನ ಅಕ್ಷರದಂತೆ ಕಾಣುತ್ತದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಬೈಟುಗಳಿಗೆ ಒಂದೇ ನಿಶ್ಚಿತ ಕ್ರಮ ಇರುವುದರಿಂದ ಈ ಪೀಡೆ ಇಲ್ಲ. ಅದು ಎಲ್ಲೆಡೆ ಗೆದ್ದದ್ದಕ್ಕೆ ಇದೂ ಒಂದು ಕಾರಣ. ಎಂಡಿಯನ್ ಎಂಬ ಹೆಸರನ್ನು 1980ರಲ್ಲಿ ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ ಚಲಾವಣೆಗೆ ತಂದರು, ಗಲಿವರನ ಪ್ರವಾಸದ ಕತೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧ ಮಾಡುವವರ ನೆನಪಿಗೆ.

ಇನ್ನೊಂದು ತಮಾಷೆ ಇದೆ. ಓಪನ್‌ಟೈಪ್ ಫಾಂಟ್ ಫೈಲುಗಳ ಒಳಗಿನ ಸಂಖ್ಯೆಗಳೆಲ್ಲ ಬಿಗ್ ಎಂಡಿಯನ್. ನೀವು ಈ ಸಾಲನ್ನು ಇಂಟೆಲ್ ಲ್ಯಾಪ್‌ಟಾಪಿನಲ್ಲೋ ಆರ್ಮ್ ಫೋನಿನಲ್ಲೋ ಓದುತ್ತಿದ್ದರೆ, ಒತ್ತಕ್ಷರ ಎಲ್ಲಿ ಕೂರಬೇಕೆಂಬ ಕೋಷ್ಟಕದ ಪ್ರತಿ ಸಂಖ್ಯೆಯನ್ನೂ ಯಂತ್ರ ತಿರುವಿ ಹಾಕಿಕೊಂಡು ಓದಿದೆ. ಫಾಂಟಿನ ಮಟ್ಟಿಗೆ ನೇರವಾಗಿ ಓದುವ ಯಂತ್ರ ಹಳೆಯ ಮ್ಯಾಕೇ.

ಎರಡನೆಯ ಜಾಗ ಎಂ68ಕೆಯವರ ನಿದ್ದೆ ಕೆಡಿಸುವಂಥದ್ದು. ಒಂದು ಬೈಟಿನ ಅಕ್ಷರ, ಅದರ ಬೆನ್ನಿಗೆ ನಾಲ್ಕು ಬೈಟಿನ ಪೂರ್ಣಾಂಕ, ಎರಡನ್ನೂ ಸೇರಿಸಿ ಸಿ ಭಾಷೆಯಲ್ಲಿ ಒಂದು ಸ್ಟ್ರಕ್ಟ್ ಮಾಡಿ ಅದರ ಅಳತೆ ಕೇಳಿ. ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ 8 ಎನ್ನುತ್ತವೆ. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕೆಂಬ ಕಟ್ಟುಪಾಡಿನಿಂದ ನಡುವೆ ಮೂರು ಬೈಟು ಖಾಲಿ ಬಿಡುತ್ತವೆ. ಎಂ68ಕೆ ಲಿನಕ್ಸ್ ಮಾತ್ರ 6 ಎನ್ನುತ್ತದೆ. ಅಲ್ಲಿ ಎರಡರಿಂದ ಭಾಗವಾದರೆ ಸಾಕು, ಖಾಲಿ ಬಿಡುವುದು ಒಂದೇ ಬೈಟು. ಮೆಮೊರಿ ಬಂಗಾರವಾಗಿದ್ದ ಕಾಲದ ಜಿಪುಣತನ ಇದು. ಇವತ್ತಿನ ಎಷ್ಟೋ ಪ್ರೋಗ್ರಾಮುಗಳು ವಿಳಾಸದ ಕೊನೆಯ ಎರಡು ಬಿಟ್‌ಗಳು ಯಾವಾಗಲೂ ಸೊನ್ನೆ ಎಂದು ನಂಬಿ, ಆ ಖಾಲಿ ಜಾಗದಲ್ಲಿ ತಮ್ಮ ಗುಟ್ಟಿನ ಗುರುತುಗಳನ್ನು ಅಡಗಿಸಿಡುತ್ತವೆ. ಎಂ68ಕೆಯಲ್ಲಿ ಸೊನ್ನೆ ಎಂದು ನಂಬಬಹುದಾದದ್ದು ಒಂದೇ ಬಿಟ್. ಗುರುತು ವಿಳಾಸವನ್ನೇ ಕೆಡಿಸುತ್ತದೆ, ಪ್ರೋಗ್ರಾಮ್ ಕುಸಿಯುತ್ತದೆ. ಪೋರ್ಟರ್ ಮೂರು ದಿನ ಹುಡುಕಿ ಕೊನೆಗೆ ಕಳಿಸುವ ಪ್ಯಾಚ್ ಒಂದೇ ಸಾಲಿನದು: ಇಲ್ಲಿ ನಾಲ್ಕಕ್ಕೆ ಸಾಲುಗೂಡಿಸು.

ಸ್ಪಾರ್ಕ್‌ನದು ತದ್ವಿರುದ್ಧ ಸ್ವಭಾವ, ಮಡಿ ಜಾಸ್ತಿ. ಸಾಲುತಪ್ಪಿದ ವಿಳಾಸದಿಂದ ಓದಲು ಹೋದರೆ ಇಂಟೆಲ್ ಗೊಣಗದೆ ಓದಿಕೊಡುತ್ತದೆ. ಸ್ಪಾರ್ಕ್ "ಬಸ್ ಎರರ್" ಎಂದು ಪ್ರೋಗ್ರಾಮನ್ನು ಅಲ್ಲೇ ಕೆಡವುತ್ತದೆ. ಪಿಎ-ರಿಸ್ಕ್‌ನಲ್ಲಿ ಪ್ರೋಗ್ರಾಮಿನ ತಾತ್ಕಾಲಿಕ ಮಾಹಿತಿಯ ರಾಶಿಯಾದ ಸ್ಟ್ಯಾಕ್ ಬೆಳೆಯುವುದು ಮೇಲ್ಮುಖವಾಗಿ, ಉಳಿದವರದೆಲ್ಲ ಕೆಳಮುಖ. 1977ರಲ್ಲಿ ಬಂದ ಡಿಜಿಟಲ್ ಕಂಪನಿಯ ವ್ಯಾಕ್ಸ್‌ನ ದಶಮಾಂಶ ಲೆಕ್ಕದಲ್ಲಿ "ಅನಂತ" ಎಂಬ ಬೆಲೆಯೇ ಇಲ್ಲ, "ಇದು ಸಂಖ್ಯೆಯಲ್ಲ" ಎಂಬ ಬೆಲೆಯೂ ಇಲ್ಲ. ಅದೇ ಕಂಪನಿ 1992ರಲ್ಲಿ ತಂದ ಆಲ್ಫಾ ಇನ್ನೂ ಒಂದು ಕೈ ಮೇಲೆ. ಹಲವು ಪ್ರೊಸೆಸರ್‌ಗಳಿರುವ ಆಲ್ಫಾ ಯಂತ್ರದಲ್ಲಿ ಒಂದು ಪ್ರೊಸೆಸರ್ ಹೊಸ ವಿಳಾಸವನ್ನು ಓದಿ, ಆ ವಿಳಾಸಕ್ಕೆ ಹೋದರೂ ಅಲ್ಲಿ ಹಳೆಯ ಮಾಹಿತಿ ಸಿಗಬಹುದು. ಹೊಸ ಮನೆಯ ವಿಳಾಸ ಹಿಡಿದು ಹೋದವನಿಗೆ ಅಲ್ಲಿ ಬರೀ ಖಾಲಿ ಸೈಟು ಕಂಡ ಹಾಗೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಈ ಒಂದು ಚಿಪ್‌ಗೋಸ್ಕರವೇ ವರ್ಷಗಟ್ಟಲೆ ಒಂದು ಪ್ರತ್ಯೇಕ ತಡೆ ಇಡಬೇಕಾಗಿತ್ತು.

ಇದೆಲ್ಲ ಬರೀ ಹಳೆಯವರ ವಕ್ರತನ ಅನ್ನಿಸಬಹುದು. ಒಂದು ಉದಾಹರಣೆ ನೋಡಿ. ಸಿ ಭಾಷೆಯ "ಚಾರ್" ಎಂಬ ಒಂದು ಬೈಟಿನ ಜಾಗ ಇಂಟೆಲ್‌ನಲ್ಲಿ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ. ಪವರ್‌ಪಿಸಿ ಮತ್ತು ಆರ್ಮ್ ಲಿನಕ್ಸ್‌ಗಳಲ್ಲಿ 0ಯಿಂದ 255ರವರೆಗೆ ಮಾತ್ರ. ಫೈಲ್ ಮುಗಿಯಿತು ಎಂಬ ಸಂಕೇತ ಮೈನಸ್ 1. ಅಕ್ಷರ ಓದುತ್ತಾ ಹೋಗಿ ಮೈನಸ್ 1 ಬಂದಾಗ ನಿಲ್ಲು ಎಂದು ಬರೆದವನು ಉತ್ತರವನ್ನು ಚಾರ್‌ನಲ್ಲಿ ಇಟ್ಟುಕೊಂಡಿದ್ದರೆ, ಪವರ್‌ಪಿಸಿಯಲ್ಲಿ ಅದು 255 ಆಗಿಬಿಡುತ್ತದೆ, ಪ್ರೋಗ್ರಾಮ್ ಎಂದಿಗೂ ನಿಲ್ಲುವುದಿಲ್ಲ. ತಪ್ಪು ಬರೆದವನದೇ, ಇಂಟೆಲ್ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ. ಹಳೆಯ ಪವರ್‌ಪಿಸಿ ಮ್ಯಾಕ್‌ಗಳ ಪೋರ್ಟರ್‌ಗಳು ಇಂಥ ತಪ್ಪುಗಳನ್ನು ಹೆಕ್ಕಿ ಸರಿಮಾಡಿದ್ದರಿಂದಲೂ ಆರ್ಮ್ ಫೋನುಗಳೂ ಸರ್ವರ್‌ಗಳೂ ಬಂದಾಗ ದಾರಿ ಅಷ್ಟು ಹಸನಾಗಿತ್ತು. ಬಿಗ್ ಎಂಡಿಯನ್ ಕತೆಯೂ ಹಾಗೇ. 2021ರ ನಂತರ ಡೆಬಿಯನ್‌ನ ಅಧಿಕೃತ ಪಟ್ಟಿಯಲ್ಲಿ ಉಳಿದಿರುವ ಬಿಗ್ ಎಂಡಿಯನ್ ಒಂದೇ, ಐಬಿಎಂನ ಮೇನ್‌ಫ್ರೇಮ್. ಅದಕ್ಕೆ ದುಡ್ಡು ಕೊಡುವ ಗಿರಾಕಿಗಳಿದ್ದಾರೆ. ಅಮಿಗಾ ಇಟ್ಟುಕೊಂಡ ಹವ್ಯಾಸಿ ಹುಡುಕಿದ ಬೈಟು ಕ್ರಮದ ತಪ್ಪಿನ ಲಾಭ ಅಲ್ಲಿಗೂ ತಲುಪುತ್ತದೆ.

ಕಂಪೈಲರ್ ಕೈಬಿಟ್ಟರೆ

ಪ್ಯಾಕೇಜ್ ಒಡೆದರೆ ಪ್ಯಾಚ್ ಹಾಕಬಹುದು. ಕಂಪೈಲರ್ ಒಡೆದರೆ ಕಾಲಡಿಯ ನೆಲವೇ ಹೋದ ಹಾಗೆ. ಜಿಸಿಸಿ ಕಂಪೈಲರ್‌ನ ಒಳಗೆ, ಹೋಲಿಕೆಯ ಫಲಿತಾಂಶವನ್ನು ಇಟ್ಟುಕೊಳ್ಳುವ ಒಂದು ಹಳೆಯ ವ್ಯವಸ್ಥೆ ಇತ್ತು. ಅದನ್ನು ಕಿತ್ತುಹಾಕುತ್ತೇವೆ, ಅದಕ್ಕೇ ಅಂಟಿಕೊಂಡ ಆರ್ಕಿಟೆಕ್ಚರ್‌ಗಳು ಬದಲಾಗದಿದ್ದರೆ ಅವೂ ಹೋಗುತ್ತವೆ ಎಂದು ಜಿಸಿಸಿ ತಂಡ ಹೇಳಿತು. ಎಂ68ಕೆ, ವ್ಯಾಕ್ಸ್ ಎರಡೂ ಆ ಪಟ್ಟಿಯಲ್ಲಿದ್ದವು. ಎಂ68ಕೆ ಅಭಿಮಾನಿಗಳು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎತ್ತುವಂತೆ ಚಂದಾ ಎತ್ತಿ ಬಹುಮಾನ ಘೋಷಿಸಿದರು. 2019ರ ಕೊನೆಯಲ್ಲಿ ಒಬ್ಬ ಅನುಭವಿ ಕಂಪೈಲರ್ ಎಂಜಿನಿಯರ್ ಆ ಭಾಗವನ್ನು ಹೊಸ ಪದ್ಧತಿಗೆ ತಿದ್ದಿ ಬರೆದರು. ನಂತರ ವ್ಯಾಕ್ಸ್‌ಗೂ ಒಬ್ಬರು ಸಿಕ್ಕರು. ಒಂದಿಡೀ ಪ್ರೊಸೆಸರ್ ಮನೆತನದ ಆಯುಷ್ಯ ಒಬ್ಬ ಮನುಷ್ಯನ ಕೆಲವು ವಾರಗಳ ಮೇಲೆ ನಿಂತಿತ್ತು.

ಈಗಿನ ಕಂಟಕದ ಹೆಸರು ರಸ್ಟ್. ಭಾಷೆ ಒಳ್ಳೆಯದೇ, ಮೆಮೊರಿ ತಪ್ಪುಗಳನ್ನು ಕಂಪೈಲ್ ಮಾಡುವಾಗಲೇ ಹಿಡಿಯುತ್ತದೆ. ಆದರೆ ಅದರ ಕಂಪೈಲರ್ ನಿಂತಿರುವುದು ಎಲ್‌ಎಲ್‌ವಿಎಂ ಎಂಬ ಅಡಿಪಾಯದ ಮೇಲೆ. ಆ ಅಡಿಪಾಯದಲ್ಲಿ ಆಲ್ಫಾಗೆ, ಪಿಎ-ರಿಸ್ಕ್‌ಗೆ ಜಾಗವಿಲ್ಲ. ಎಂ68ಕೆಗೆ 2021ರಲ್ಲಿ ಪ್ರಯೋಗದ ರೂಪದಲ್ಲಿ ಸಿಕ್ಕಿತು. ಮೊದಲ ಪೆಟ್ಟು ಬಿದ್ದದ್ದು 2017ರಲ್ಲಿ, ಎಸ್‌ವಿಜಿ ಚಿತ್ರಗಳನ್ನು ಬಿಡಿಸುವ ಲಿಬ್‌ಆರ್‌ಎಸ್‌ವಿಜಿ ರಸ್ಟ್‌ಗೆ ಹೊರಳಿದಾಗ. ಪರದೆಯ ಮೇಲಿನ ಎಷ್ಟೋ ಐಕಾನ್‌ಗಳಿಗೆ ಅದು ಬೇಕು. ರಸ್ಟ್ ಇಲ್ಲದ ಪೋರ್ಟ್‌ಗಳಿಗಾಗಿ ಡೆಬಿಯನ್ ಅದರ ಹಳೆಯ ಸಿ ಆವೃತ್ತಿಯನ್ನು ಬೇರೆ ಹೆಸರಿನ ಪ್ಯಾಕೇಜ್ ಆಗಿ ಜೋಪಾನ ಮಾಡಿಕೊಂಡು ಬಂದಿದೆ. 2021ರ ಫೆಬ್ರವರಿಯಲ್ಲಿ ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿ ರಸ್ಟ್ ಬೇಕೆಂದಿತು. ಕೋಪ, ವಾದ, ಬೈಗುಳ ಎಲ್ಲವೂ ಆದವು. ಲೈಬ್ರರಿ ಬರೆದವರ ಮಾತಿನಲ್ಲಿ ನ್ಯಾಯವಿತ್ತು ಎಂದೇ ನನ್ನ ಎಣಿಕೆ: ತಾವು ಎಂದೂ ಪರೀಕ್ಷಿಸದ ಯಂತ್ರದಲ್ಲಿ ಗೂಢಲಿಪಿಯ ಕೋಡ್ ಸರಿಯಾಗಿ ನಡೆಯುತ್ತದೆ ಎಂದು ಅವರು ಭರವಸೆ ಕೊಡುವುದಾದರೂ ಹೇಗೆ?

2025ರ ಅಕ್ಟೋಬರ್ ಕೊನೆಯ ದಿನ ಬಂದ ಸುದ್ದಿ ಇನ್ನೂ ಹತ್ತಿರದ್ದು. ಪ್ಯಾಕೇಜ್‌ಗಳನ್ನು ತರಿಸಿ ಕೂರಿಸುವ ಆಪ್ಟ್ ಎಂಬ ಸಾಧನಕ್ಕೇ ರಸ್ಟ್ ಕೋಡ್ ಸೇರಿಸುತ್ತೇವೆ, 2026ರ ಮೇ ತಿಂಗಳಿಗಿಂತ ಮೊದಲಲ್ಲ, ರಸ್ಟ್ ಇಲ್ಲದ ಪೋರ್ಟ್‌ಗಳು ಆರು ತಿಂಗಳಲ್ಲಿ ಅದನ್ನು ತಂದುಕೊಳ್ಳಲಿ ಅಥವಾ ಬಾಗಿಲು ಮುಚ್ಚಿಕೊಳ್ಳಲಿ ಎಂದು ಅದರ ಮೇಂಟೇನರ್ ಪ್ರಕಟಿಸಿದರು. ಆಪ್ಟ್ ಇಲ್ಲದ ಡೆಬಿಯನ್ ಎಂದರೆ ಹೊಸ್ತಿಲಿಲ್ಲದ ಮನೆ. ಜಿಸಿಸಿಯ ಮೇಲೆ ರಸ್ಟ್ ಓಡಿಸುವ ಎರಡು ಪ್ರಯತ್ನಗಳು ಬೇರೆ ಕಡೆ ನಡೆಯುತ್ತಿವೆ, ಪೋರ್ಟರ್‌ಗಳ ಕಣ್ಣು ಅವುಗಳ ಮೇಲಿದೆ.

ಜಾಗದ ಮಿತಿ, ಕಾಲದ ಮಿತಿ

32 ಬಿಟ್ ಪ್ರೊಸೆಸರ್ ಒಂದು ಪ್ರೋಗ್ರಾಮಿಗೆ ಕೊಡಬಲ್ಲ ಮೆಮೊರಿ ಹೆಚ್ಚೆಂದರೆ 4 ಗಿಗಾಬೈಟ್. ಹಳೆಯ ಮಿಪ್ಸ್‌ನಲ್ಲಿ ಅದರ ಅರ್ಧ. ಇವತ್ತಿನ ಬ್ರೌಸರ್ ಎಂಜಿನ್ನನ್ನು ಕಂಪೈಲ್ ಮಾಡಿ ತುಣುಕುಗಳನ್ನೆಲ್ಲ ಒಂದುಗೂಡಿಸುವ ಲಿಂಕರ್‌ಗೆ ಅಷ್ಟು ಸಾಲುವುದಿಲ್ಲ. ತಪ್ಪು ಹುಡುಕಲು ಬೇಕಾಗುವ ಡೀಬಗ್ ಮಾಹಿತಿಯನ್ನು ಕಡಿಮೆ ಮಾಡಿ, ಒಮ್ಮೆಗೆ ಒಂದೇ ಫೈಲ್ ಕಂಪೈಲ್ ಮಾಡಿ, ಹೇಗೋ ತುರುಕುತ್ತಾರೆ. ಒಂದು ದಿನ ತುರುಕಲೂ ಆಗುವುದಿಲ್ಲ.

ಕಾಲದ ಮಿತಿಗೆ ತಾರೀಕೇ ನಿಗದಿಯಾಗಿದೆ. ಯೂನಿಕ್ಸ್ ಸಂತತಿಯ ಸಿಸ್ಟಮ್‌ಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್‌ನಲ್ಲಿ ಆ ಎಣಿಕೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣ ಯಂತ್ರ 1901ರ ಡಿಸೆಂಬರ್‌ಗೆ ಜಿಗಿಯುತ್ತದೆ. 2024ರಲ್ಲಿ ಡೆಬಿಯನ್ ತನ್ನ ಬಹುತೇಕ 32 ಬಿಟ್ ಆರ್ಕಿಟೆಕ್ಚರ್‌ಗಳ ಸಮಯವನ್ನು 64 ಬಿಟ್‌ಗೆ ಬದಲಿಸಿತು. ನೂರಾರು ಲೈಬ್ರರಿಗಳ ಹೆಸರು ಬದಲಾಗಿ, ಅವನ್ನು ನೆಚ್ಚಿದ್ದೆಲ್ಲ ಮತ್ತೆ ಕಂಪೈಲ್ ಆಗಬೇಕಾಯಿತು. ವೇಗದ ಯಂತ್ರಗಳಿಗೇ ಏದುಸಿರು ಬಂದ ಆ ಕೆಲಸದಲ್ಲಿ ಎಂ68ಕೆಯಂಥ ಪೋರ್ಟ್‌ಗಳೂ ಜತೆಗೆ ನಡೆದವು.

ಯಂತ್ರವಿಲ್ಲದೆ ಯಂತ್ರ

ಅಸಲಿ ಅಮಿಗಾ ಕೆಟ್ಟರೆ ಬಿಡಿಭಾಗ ಎಲ್ಲಿ ತರುವುದು? ಎಂ68ಕೆ ಬಿಲ್ಡ್‌ಗಳಲ್ಲಿ ಬಹಳಷ್ಟನ್ನು ಮಾಡಿದ್ದು ಹೊಸ ಕಂಪ್ಯೂಟರಿನೊಳಗೆ ಹಳೆಯದನ್ನು ನಟಿಸುವ ಎಮ್ಯುಲೇಟರ್‌ಗಳು. ಮೊದಲು ಅಟಾರಿಯನ್ನು ನಟಿಸುವ ಅರಾನಿಮ್, ಆಮೇಲೆ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು. ನಟ ಅಸಲಿ ಪಾತ್ರಕ್ಕಿಂತ ಹಲವು ಪಟ್ಟು ವೇಗವಾಗಿ ಓಡುತ್ತಾನೆ. ಆದರೆ ನಟನೆ ನಟನೆಯೇ. ಆಲ್ಫಾದ ಮೆಮೊರಿ ವಕ್ರತೆಯಂಥದ್ದು ಇಂಟೆಲ್ ಮೇಲೆ ಕೂತ ಎಮ್ಯುಲೇಟರ್‌ನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಉಲ್ಟಾ, ಅಸಲಿಯಲ್ಲಿ ಇಲ್ಲದ ತಪ್ಪುಗಳು ಎಮ್ಯುಲೇಟರ್‌ನಲ್ಲಿ ಹುಟ್ಟುತ್ತವೆ, ಪೋರ್ಟರ್ ಇಲ್ಲದ ಹಾವಿಗೆ ಹುತ್ತ ಅಗೆಯುತ್ತಾನೆ. ಅದಕ್ಕೇ ಯಾರದೋ ಮನೆಯ ಕೋಣೆಯಲ್ಲಿ ಒಂದಾದರೂ ಅಸಲಿ ಯಂತ್ರ ಬೇಕು.

ನೆಟ್‌ಬಿಎಸ್‌ಡಿ ಹಿಡಿದ ದಾರಿ ಬೇರೆ. 1993ರಲ್ಲೇ ಹುಟ್ಟಿದ ಈ ಸಿಸ್ಟಮ್ ಬೇರೆ ಯಂತ್ರದ ಮೇಲೆ ಕೂತು ಕಂಪೈಲ್ ಮಾಡುವುದನ್ನೇ ಮುಖ್ಯ ಪದ್ಧತಿ ಮಾಡಿಕೊಂಡಿತು. ಒಂದೇ ಸ್ಕ್ರಿಪ್ಟ್ ಓಡಿಸಿದರೆ ಲಿನಕ್ಸ್ ಲ್ಯಾಪ್‌ಟಾಪಿನ ಮೇಲೂ ವ್ಯಾಕ್ಸ್‌ಗೆ ಬೇಕಾದ ಇಡೀ ಮೂಲ ಸಿಸ್ಟಮ್ ತಯಾರಾಗುತ್ತದೆ. 2005ರಲ್ಲಿ ಬ್ರೆಡ್ ಸುಡುವ ಟೋಸ್ಟರ್ ಮೇಲೂ ಅದನ್ನು ಓಡಿಸಿ ತೋರಿಸಿದ್ದರು. ಓಪನ್‌ಬಿಎಸ್‌ಡಿಯವರದು ಹಟ: ಯಾವ ಯಂತ್ರವೋ ಅದೇ ಯಂತ್ರದಲ್ಲೇ ಕಂಪೈಲ್ ಆಗಬೇಕು, ತಪ್ಪುಗಳು ಹೊರಬೀಳುವುದು ಆಗಲೇ. ಆ ಹಟದ ಬೆಲೆಯನ್ನೂ ತೆತ್ತಿದ್ದಾರೆ. 2016ರಲ್ಲಿ ಅವರ ವ್ಯಾಕ್ಸ್ ಪೋರ್ಟ್ ನಿಂತುಹೋಯಿತು.

ಬೆಂಗಳೂರಿನ ಒಂದು ಅಂಗೈ ಕಂಪ್ಯೂಟರ್

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಅನೇಕರಿಗೆ ನೆನಪಿರಬಹುದು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಓಡಿಸುವ ಕಂಪ್ಯೂಟರ್ ಅದು. ಅಮಿಡಾ ಎಂಬ ಹೆಸರಿನಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದ ಮಾದರಿಯನ್ನು ತಯಾರಿಸಿದ್ದು ನಮ್ಮ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಅದರೊಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಆರ್ಮ್‌ನ ನಾಲ್ಕನೆಯ ತಲೆಮಾರಿನದು. ಡೆಬಿಯನ್‌ನ ಹಳೆಯ ಆರ್ಮ್ ಪೋರ್ಟ್ ಈ ಚಿಪ್‌ಗೆ ಹೊಂದುತ್ತಿತ್ತು. ಅದರ ಜಾಗಕ್ಕೆ 2009ರಲ್ಲಿ ಬಂದ ಆರ್ಮೆಲ್ ಪೋರ್ಟ್‌ಗೆ ಥಂಬ್ ಎಂಬ ಹೆಚ್ಚುವರಿ ಆದೇಶಗಳ ಗುಂಪು ಬೇಕಿತ್ತು, ಸ್ಟ್ರಾಂಗ್‌ಆರ್ಮ್‌ಗೆ ಅದು ಗೊತ್ತಿರಲಿಲ್ಲ. 2011ರಲ್ಲಿ ಹಳೆಯ ಪೋರ್ಟ್ ಮುಚ್ಚಿದಾಗ ಆ ಚಿಪ್‌ನ ಸಾಧನಗಳಿಗೆಲ್ಲ ಹೊಸ ಡೆಬಿಯನ್ ಪ್ಯಾಕೇಜ್‌ಗಳ ಬಾಗಿಲು ಮುಚ್ಚಿತು. ಹೆಸರು ಅದೇ "ಆರ್ಮ್" ಆಗಿದ್ದರೂ ಒಳಗಿನ ಕನಿಷ್ಠ ಮಟ್ಟ ಸದ್ದಿಲ್ಲದೆ ಏರುತ್ತಾ ಹೋಗುತ್ತದೆ.

ಇದಕ್ಕೆ ಉಲ್ಟಾ ಕತೆ ರಾಸ್ಪ್‌ಬೆರಿ ಪೈಯದು. 2012ರಲ್ಲಿ ಬಂದ ಮೊದಲ ಪೈ ಆರನೆಯ ತಲೆಮಾರಿನ ಆರ್ಮ್; ಡೆಬಿಯನ್‌ನ ವೇಗದ ಆರ್ಮ್ ಪೋರ್ಟ್‌ಗೆ ಬೇಕಿದ್ದದ್ದು ಏಳನೆಯದು. ಇಬ್ಬರು ಉತ್ಸಾಹಿಗಳು ಇಡೀ ಭಂಡಾರವನ್ನೇ ಆರನೆಯ ತಲೆಮಾರಿಗೆ ಮತ್ತೆ ಕಂಪೈಲ್ ಮಾಡಿದರು. ಅದೇ ರಾಸ್ಪ್‌ಬಿಯನ್. ಕೈಗಳಿದ್ದವು, ಗಿರಾಕಿಗಳೂ ಇದ್ದರು. ಹಾಗಾಗಿ ಚಿಪ್ ಹಳೆಯದಾದರೂ ಬದುಕಿತು.

ಇನ್ನು ಕನ್ನಡದ ಮಾತಿಗೆ ಬಂದರೆ, ಡೆಬಿಯನ್ ಇನ್‌ಸ್ಟಾಲರ್ ನಮ್ಮ ಭಾಷೆಯಲ್ಲೂ ಇದೆ, ಆದರೆ ಅದರ ಚಿತ್ರರೂಪದ ಆವೃತ್ತಿಯಲ್ಲಿ ಮಾತ್ರ. ಬರೀ ಪಠ್ಯದ ಕಪ್ಪು ಪರದೆಗೆ ನಮ್ಮ ಒತ್ತಕ್ಷರ, ಗುಣಿತ ಬಿಡಿಸಲು ಬರುವುದಿಲ್ಲ. ಹಳೆಯ ಯಂತ್ರಗಳಿಗೆ ಸಾಮಾನ್ಯವಾಗಿ ಒಗ್ಗುವುದು ಆ ಕಪ್ಪು ಪರದೆಯೇ.

386ರ ಈಗಿನ ಸ್ಥಿತಿ

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದು 386 ಯಂತ್ರದ ಮೇಲೆ, ಆ ಯಂತ್ರಕ್ಕಾಗಿಯೇ. 2013ರ ಫೆಬ್ರವರಿಯಲ್ಲಿ ಬಂದ 3.8 ಕರ್ನಲ್‌ನಿಂದ 386ರ ಬೆಂಬಲವನ್ನೇ ತೆಗೆದರು. ಹುಟ್ಟಿದ ಮನೆಯನ್ನು ಲಿನಕ್ಸ್ ಅಷ್ಟು ಹೊತ್ತಿಗೆ ದಾಟಿ ಬಂದಿತ್ತು. 2018ರಲ್ಲಿ ಕರ್ನಲ್‌ನಿಂದ ಒಂದೇ ಸಲಕ್ಕೆ ಎಂಟು ಆರ್ಕಿಟೆಕ್ಚರ್‌ಗಳು ಹೊರಬಿದ್ದವು, ಅವುಗಳ ಜತೆ ಐದು ಲಕ್ಷದಷ್ಟು ಸಾಲು ಕೋಡ್. ಆ ಎಂಟರಲ್ಲಿ ಕೆಲವು ಎಂ68ಕೆಗಿಂತ ಎಷ್ಟೋ ಕಿರಿಯವು. ಕಂಪನಿಗಳು ತಮ್ಮ ಚಿಪ್‌ಗಾಗಿ ಕೋಡ್ ಕೊಟ್ಟು, ಚಿಪ್ ಮಾರಾಟವಾಗದಿದ್ದಾಗ ಎದ್ದು ಹೋಗಿದ್ದವು. 2001ರಲ್ಲಿ ಭಾರೀ ಸದ್ದಿನೊಂದಿಗೆ ಬಂದ ಇಟೇನಿಯಂ 2024ರ ಜನವರಿಯ ಕರ್ನಲ್‌ನಲ್ಲಿ ಹೋಯಿತು. ಎಂ68ಕೆ ಇನ್ನೂ ಅಲ್ಲಿದೆ.

ಡೆಬಿಯನ್‌ನಲ್ಲಿ ಐ386 ಎಂಬ ಹೆಸರೇನೋ ಉಳಿದಿದೆ. 2017ರಲ್ಲಿ ಅದು ಪೆಂಟಿಯಂ ದರ್ಜೆಯ ಚಿಪ್‌ಗಳನ್ನು ಬಿಟ್ಟಿತು, 2023ರಲ್ಲಿ ಬಡ ಮಕ್ಕಳ ಲ್ಯಾಪ್‌ಟಾಪ್ ಎಂದು ಹೆಸರಾದ ಒಎಲ್‌ಪಿಸಿಯ ಎಎಂಡಿ ಜಿಯೋಡ್‌ಅನ್ನೂ ಬಿಟ್ಟಿತು. 2025ರ ಡೆಬಿಯನ್ 13ರಲ್ಲಿ ಐ386ಕ್ಕೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ಲೈಬ್ರರಿಗಳು ಮಾತ್ರ ಇವೆ, 64 ಬಿಟ್ ಯಂತ್ರದೊಳಗೆ ಹಳೆಯ ಆಟಗಳನ್ನೂ ಮೂಲ ಕೋಡ್ ಕಳೆದುಹೋದ ಪ್ರೋಗ್ರಾಮುಗಳನ್ನೂ ಓಡಿಸುವುದಕ್ಕಾಗಿ. ಆ ಹಳೆಯ ಪ್ರೋಗ್ರಾಮುಗಳು ಮುರಿಯಬಾರದೆಂದೇ 2038ರ ಬದಲಾವಣೆಯಿಂದಲೂ ಅದನ್ನು ಹೊರಗಿಟ್ಟಿದ್ದಾರೆ. ಹಿಂದೊಮ್ಮೆ ಮನೆಯ ಯಜಮಾನನಾಗಿದ್ದ ಐ386 ಈಗ ಮಗನ ಮನೆಯ ಜಗಲಿಯಲ್ಲಿದೆ. ಅಲ್ಲಿ ಅದಕ್ಕೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ. ಬೀಗದ ಕೈ ಸೊಸೆಯ ಸೊಂಟದಲ್ಲಿದೆ.